ನೆನಪಿಡುವ ಹೊಣೆ ಯಾರದು?

ವಿದ್ಯಾರ್ಥಿವೇತನಕ್ಕೋ ಆದಾಯ ಪ್ರಮಾಣಪತ್ರಕ್ಕೋ ಆನ್‌ಲೈನ್ ಅರ್ಜಿ ಹಾಕಿದವರಿಗೆ ಇದು ಹೊಸದೇನಲ್ಲ. ಹೆಸರು, ತಂದೆಯ ಹೆಸರು, ಹೋಬಳಿ, ಗ್ರಾಮ ಎಲ್ಲ ತುಂಬಿ, ಪಹಣಿಯ ಫೋಟೊ ತೆಗೆದು, ಸೈಜು ಜಾಸ್ತಿಯಾಯಿತೆಂದು ಅದನ್ನು ಕುಗ್ಗಿಸಿ, ಮತ್ತೆ ಅಪ್‌ಲೋಡ್ ಮಾಡಿ, ತಡವಾಗಿ ಬಂದ ಒಟಿಪಿಯನ್ನೂ ಹಾಕಿ ‘ಸಲ್ಲಿಸಿ’ ಒತ್ತಿದರೆ ಪರದೆಯ ಮೇಲೆ ಒಂದೇ ಸಾಲು: ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ. ಲಾಗಿನ್ ಆಗಿ ನೋಡಿದರೆ ಅರ್ಜಿ ಬಟಾಬಯಲು.

ಅರ್ಜಿದಾರರಿಗೆ ಹೋದದ್ದು ಅರ್ಧ ಗಂಟೆ. ತಂತ್ರಾಂಶದ ಒಳಗೆ ಆ ಗಳಿಗೆಯಲ್ಲಿ ಅಳಿಸಿಹೋದದ್ದು ನಾಲ್ಕು ಬೇರೆಬೇರೆ ಸಂಗತಿಗಳು. ಒಂದು, ಅರ್ಜಿ ತುಂಬುತ್ತಿರುವವರು ಯಾರು ಎಂಬ ಗುರುತು. ಎರಡು, ಅರ್ಧಕ್ಕೆ ನಿಂತ ಕೆಲಸ: ತುಂಬಿದ ಕಾಲಂಗಳು, ಏರಿಸಿದ ಕಡತಗಳು. ಮೂರು, ಮಾತುಕತೆ ಎಲ್ಲಿಯವರೆಗೆ ಬಂದಿತ್ತು ಎಂಬ ಲೆಕ್ಕ: ಒಟಿಪಿ ಸರಿಹೋಯಿತೇ, ಮುಂದಿನ ಹೆಜ್ಜೆ ಯಾವುದು. ನಾಲ್ಕು, ಅವರಿಗೆಂದು ಸರ್ವರ್ ಹಿಡಿದಿಟ್ಟಿದ್ದು ಏನಾದರೂ ಇದ್ದರೆ ಅದು: ಭೇಟಿಯ ಸಮಯ, ಸೀಟು, ದಾಖಲೆಯ ಮೇಲಿನ ಲಾಕ್. ಇಷ್ಟನ್ನೂ ಸೆಷನ್ ಎಂಬ ಒಂದೇ ಹೆಸರಿನಡಿ ಕಟ್ಟಿಹಾಕಿದ್ದೇವೆ. ಹತ್ತು ನಿಮಿಷ ಸುಮ್ಮನಿದ್ದವರ ಗುರುತನ್ನು ರದ್ದು ಮಾಡುವುದಕ್ಕೆ ಕಾರಣವಿದೆ. ಸೈಬರ್ ಕೆಫೆಯಲ್ಲಿ ಎದ್ದುಹೋದವರ ಕುರ್ಚಿಯಲ್ಲಿ ಇನ್ನೊಬ್ಬರು ಬಂದು ಕೂರಬಹುದು. ಊರಿನ ಹೆಸರನ್ನು ಅಳಿಸುವುದಕ್ಕೆ ಏನು ಕಾರಣ? ಗುರುತಿನ ಜೊತೆ ಅದೂ ಒಂದೇ ಕಡೆ ಇತ್ತು, ಅಷ್ಟೇ.

ಕ್ಲೈಂಟ್-ಸರ್ವರ್ ಅಪ್ಲಿಕೇಶನ್ ಕಟ್ಟುವವರ ನಡುವಿನ ವಾದ ಮಾತ್ರ ಯಾವಾಗಲೂ ಬೇರೆ ದಾರಿ ಹಿಡಿಯುತ್ತದೆ. ಸರ್ವರ್ ಸ್ಟೇಟ್‌ಫುಲ್ ಆಗಿರಬೇಕೋ, ಸ್ಟೇಟ್‌ಲೆಸ್ಸೋ, ಅಂದರೆ ನೆನಪಿಡಬೇಕೋ, ಮರೆಯಬೇಕೋ? ಕೆಲಸದ ಸಂದರ್ಶನಗಳಲ್ಲೂ ಇದೇ ಪ್ರಶ್ನೆ, ಸ್ಟೇಟ್‌ಲೆಸ್ ಎಂದವರಿಗೆ ಅಂಕ. ಐವತ್ತು ವರ್ಷಗಳ ಇತಿಹಾಸವನ್ನು ತಿರುವಿಹಾಕಿದರೆ ಕಾಣುವುದೇ ಬೇರೆ. ನೆನಪು ಯಾವತ್ತೂ ಮಾಯವಾಗಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತ ಬಂದಿದೆ. ಯಾವ ನೆನಪು ಎಲ್ಲಿರಬೇಕು, ಕಳೆದುಹೋದರೆ ಯಾರಿಗೆ ಎಷ್ಟು ನಷ್ಟ ಎಂದು ಒಂದೊಂದನ್ನೇ ಬಿಡಿಸಿ ಕೇಳಿದ ಕಡೆ ವಿನ್ಯಾಸ ಬಾಳಿದೆ. ಒಟ್ಟಾಗಿ ಒಂದೇ ಉತ್ತರ ಹುಡುಕಿದ ಕಡೆ ಎಡವಿದೆ.

ವೆಬ್‌ಗಿಂತ ಹಳೆಯ ಪ್ರಶ್ನೆ

ಐಬಿಎಂ 1960ರ ದಶಕದ ಕೊನೆಯಲ್ಲಿ ಹೊರತಂದ, ವ್ಯವಹಾರಗಳನ್ನು ನಡೆಸುವ ಸಿಐಸಿಎಸ್ ಎಂಬ ತಂತ್ರಾಂಶ ಇವತ್ತಿಗೂ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳ ಮೇನ್‌ಫ್ರೇಮ್‌ಗಳಲ್ಲಿ ನಡೆಯುತ್ತಿದೆ. ಬೆಂಗಳೂರಿನ ಎಷ್ಟೋ ಎಂಜಿನಿಯರುಗಳ ಮೊದಲ ಕೆಲಸ ಅದರ ಕೋಬಾಲ್ ಪ್ರೋಗ್ರಾಂಗಳ ಉಸ್ತುವಾರಿಯೇ ಆಗಿತ್ತು. ಅಲ್ಲಿ ಪ್ರೋಗ್ರಾಂ ಬರೆಯಲು ಎರಡು ರೀತಿ ಇವೆ. ಮೊದಲನೆಯದು ನೇರ: ಪ್ರೋಗ್ರಾಂ ಟರ್ಮಿನಲ್‌ಗೆ ಪರದೆ ಕಳಿಸಿ, ಗುಮಾಸ್ತರು ಉತ್ತರ ತುಂಬುವವರೆಗೆ ಮೆಮೊರಿಯಲ್ಲಿ ಕಾದು ಕೂರುತ್ತದೆ. ಬರೆಯಲು ಸುಲಭ, ಓದಲು ಸುಲಭ. ಗುಮಾಸ್ತರು ಎದ್ದು ಕಾಫಿಗೆ ಹೋದರೆ ಮಾತ್ರ ಪ್ರೋಗ್ರಾಂ ಹಾಗೇ ಕೂತಿರುತ್ತದೆ, ಅದು ಹಿಡಿದ ದಾಖಲೆಯ ಲಾಕ್ ಕೂಡ. ನೂರಾರು ಟರ್ಮಿನಲ್‌ಗಳು ಒಂದೇ ಯಂತ್ರವನ್ನು ಹಂಚಿಕೊಂಡಿದ್ದ, ಮೆಮೊರಿಗೆ ಚಿನ್ನದ ಬೆಲೆಯಿದ್ದ ಕಾಲದಲ್ಲಿ ಇದು ನಡೆಯುವ ಮಾತಾಗಿರಲಿಲ್ಲ.

ಎರಡನೆಯ ರೀತಿಯಲ್ಲಿ ಪ್ರೋಗ್ರಾಂ ಪರದೆ ಕಳಿಸಿದ ಕೂಡಲೇ ಮುಗಿದುಹೋಗುತ್ತದೆ. ಹೋಗುವಾಗ ಎರಡು ಚೀಟಿ ಬಿಟ್ಟುಹೋಗುತ್ತದೆ: ಎಂಟರ್ ಒತ್ತಿದಾಗ ಯಾವ ವ್ಯವಹಾರ ಶುರುವಾಗಬೇಕು ಎಂಬುದು ಒಂದು, ಇಲ್ಲಿಯವರೆಗಿನ ಸಂಗತಿಯ ಸಾರಾಂಶ ಇನ್ನೊಂದು. ಈ ಸಾರಾಂಶಕ್ಕೆ ಕಾಮ್‌ಏರಿಯಾ ಎಂದು ಹೆಸರು, ಹೆಚ್ಚೆಂದರೆ ಸುಮಾರು 32 ಕೆಬಿ. ಗುಮಾಸ್ತರಿಗೆ ಒಂದೇ ಮಾತುಕತೆ ನಡೆದಂತೆ ಕಾಣುತ್ತದೆ, ಒಳಗೆ ಪ್ರೋಗ್ರಾಂ ಹತ್ತು ಸಲ ಹುಟ್ಟಿ ಸತ್ತಿರುತ್ತದೆ. ಇದರ ಬೆಲೆಯೂ ಆಗಲೇ ಗೊತ್ತಾಯಿತು. ಎರಡು ಪರದೆಗಳ ನಡುವೆ ಲಾಕ್ ಇಲ್ಲದ್ದರಿಂದ ಬೇರೆ ಶಾಖೆಯವರು ಅದೇ ಖಾತೆಯನ್ನು ಬದಲಿಸಿರಬಹುದು. ಹಾಗಾಗಿ ಬರೆಯುವ ಮುನ್ನ ದಾಖಲೆಯನ್ನು ಮತ್ತೆ ಓದಿ, ಮೊದಲು ಕಂಡದ್ದಕ್ಕೂ ಈಗಿನದಕ್ಕೂ ಹೋಲಿಸಿ ನೋಡಬೇಕು. ಇವತ್ತು ವೆಬ್ ಫ್ರೇಮ್‌ವರ್ಕ್‌ಗಳು ಆಪ್ಟಿಮಿಸ್ಟಿಕ್ ಲಾಕಿಂಗ್ ಎಂದು ಕೊಡುವುದು ಇದನ್ನೇ. ಹೊಸ ಪೀಳಿಗೆಯವರು ಮೇನ್‌ಫ್ರೇಮ್ ಎಂದರೆ ಮೂಗು ಮುರಿಯುತ್ತಾರೆ. ಸೆಷನ್ ವಿಷಯದಲ್ಲಿ ಅಲ್ಲಿಯವರಿಗೆ ಗೊತ್ತಿದ್ದದ್ದನ್ನು ವೆಬ್ ಮತ್ತೆ ಕಲಿಯಲು ಇಪ್ಪತ್ತು ವರ್ಷ ಹಿಡಿಯಿತು.

ಇನ್ನೊಂದು ಹಳೆಯ ಮಾದರಿಯಲ್ಲಿ ಸಂಪರ್ಕವೇ ಸೆಷನ್. ಟೆಲ್ನೆಟ್ ಹೀಗೆ, ಎಫ್‌ಟಿಪಿ ಹೀಗೆ. ಎಫ್‌ಟಿಪಿಯಲ್ಲಿ ಒಮ್ಮೆ ಲಾಗಿನ್ ಆಗಿ ಒಂದು ಫೋಲ್ಡರ್‌ಗೆ ಇಳಿದರೆ, ನೀವು ಯಾರು, ಎಲ್ಲಿದ್ದೀರಿ ಎಂಬುದನ್ನು ಸರ್ವರ್ ಆ ತಂತಿ ಕಡಿಯುವವರೆಗೆ ನೆನಪಿಟ್ಟಿರುತ್ತದೆ. ಕಡಿದರೆ ಮೊದಲಿನಿಂದ. ಕಂಪ್ಯೂಟರು ಮೇಜಿನ ಮೇಲೆ ಕದಲದೆ ಕೂತಿದ್ದ ಕಾಲಕ್ಕೆ ಇದು ಸಾಕಿತ್ತು. ಮೊಬೈಲ್ ಫೋನು ಮನೆಯ ವೈಫೈ ಬಿಟ್ಟು ಬೀದಿಯ 4ಜಿಗೆ ದಾಟಿದ ಕೂಡಲೇ ಐಪಿ ವಿಳಾಸ ಬದಲಾಗಿ ಹಳೆಯ ಸಂಪರ್ಕ ಸಾಯುತ್ತದೆ. 2012ರಲ್ಲಿ ಎಂಐಟಿಯಿಂದ ಬಂದ ಮಾಶ್ ಎಂಬ ಟರ್ಮಿನಲ್ ಇದನ್ನು ಸೊಗಸಾಗಿ ಬಿಡಿಸಿತು: ವಿಳಾಸ ಬದಲಾದರೂ ಕೀಲಿ ಅದೇ ಇದ್ದರೆ ಅದೇ ಸೆಷನ್, ಲ್ಯಾಪ್‌ಟಾಪ್ ಮುಚ್ಚಿ ಮರುದಿನ ತೆರೆದರೂ ಮುಂದುವರಿಯುತ್ತದೆ. 2021ರಲ್ಲಿ ಪ್ರಮಾಣವಾದ ಕ್ವಿಕ್ ಪ್ರೋಟೊಕಾಲ್ ಸಂಪರ್ಕಕ್ಕೇ ವಿಳಾಸದಿಂದ ಬೇರೆಯಾದ ಒಂದು ಗುರುತು ಕೊಟ್ಟು ಇದನ್ನು ಇಂಟರ್ನೆಟ್ಟಿನ ತಳಮಟ್ಟಕ್ಕೆ ಇಳಿಸಿತು.

ಕುಕಿ, ಮತ್ತು ಅದು ಹಿಡಿದ ದಾರಿ

ವೆಬ್‌ನ ಎಚ್‌ಟಿಟಿಪಿ ಹುಟ್ಟಿದ್ದೇ ಮರೆವಿನೊಂದಿಗೆ. ಪುಟ ಕೇಳಿದರೆ ಕೊಡುವುದು, ಮರೆಯುವುದು. ಲೇಖನ ಓದಲು ಅಷ್ಟು ಸಾಕು, ಅಂಗಡಿ ಇಡಲು ಸಾಲದು. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಕುಕಿಯನ್ನು ರೂಪಿಸಿದರು. ಅದರ ಹಿಂದೆ ಇದ್ದದ್ದು ಎಂಸಿಐ ಎಂಬ ದೂರಸಂಪರ್ಕ ಕಂಪನಿಯ ಬೇಡಿಕೆ: ಆನ್‌ಲೈನ್ ಅಂಗಡಿ ಬೇಕು, ಆದರೆ ಅರ್ಧಂಬರ್ಧ ಖರೀದಿಗಳ ಲೆಕ್ಕವನ್ನು ತಮ್ಮ ಸರ್ವರ್ ಹೊರಬಾರದು. ಸರ್ವರ್ ಒಂದು ಸಣ್ಣ ತುಣುಕು ಪಠ್ಯ ಕೊಡುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಪ್ರತಿ ಸಲವೂ ಜೊತೆಗೆ ಕಳಿಸುತ್ತದೆ.

ಹೀಗೆ ನೆನಪನ್ನು ಗ್ರಾಹಕರ ಕಡೆ ಇಡಲೆಂದು ಹುಟ್ಟಿದ ಕುಕಿ ಕೆಲವೇ ವರ್ಷಗಳಲ್ಲಿ ತದ್ವಿರುದ್ಧ ಕೆಲಸಕ್ಕೆ ಒಗ್ಗಿಕೊಂಡಿತು. ಪಿಎಚ್‌ಪಿ, ಜಾವಾ ಸರ್ವ್‌ಲೆಟ್, ಎಎಸ್‌ಪಿ ಮೂರೂ ಕುಕಿಯಲ್ಲಿ ಉದ್ದನೆಯ ಒಂದು ಸಂಖ್ಯೆಯನ್ನಷ್ಟೇ ಇಟ್ಟು, ಅಸಲಿ ಸಾಮಾನನ್ನೆಲ್ಲ ಸರ್ವರ್‌ನ ಮೆಮೊರಿಯಲ್ಲೋ ಡಿಸ್ಕಿನಲ್ಲೋ ತುಂಬಿದವು. ಬರೆಯುವವರಿಗೆ ಇದಕ್ಕಿಂತ ಹಿತವಾದದ್ದಿಲ್ಲ. ಸೆಷನ್ ಎಂಬ ಒಂದು ವೇರಿಯಬಲ್, ಅದಕ್ಕೆ ಏನು ಬೇಕಾದರೂ ಸೇರಿಸಿ. 2000ದಲ್ಲಿ ರಾಯ್ ಫೀಲ್ಡಿಂಗ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ರೆಸ್ಟ್ ಶೈಲಿಯನ್ನು ವಿವರಿಸುತ್ತ, ಪ್ರತಿ ಕೋರಿಕೆಯೂ ತನ್ನಷ್ಟಕ್ಕೆ ಪೂರ್ತಿ ಅರ್ಥವಾಗುವಂತಿರಬೇಕು, ಸೆಷನ್ ಸ್ಥಿತಿ ಕ್ಲೈಂಟ್ ಬಳಿಯೇ ಇರಬೇಕು ಎಂದು ವಾದಿಸಿದರು. ಕುಕಿ ಈ ಶೈಲಿಗೆ ಹೊಂದುವುದಿಲ್ಲವೆಂದೂ ಬರೆದರು. ಓದಿದವರು ತಲೆದೂಗಿದರು, ಕುಕಿ ತನ್ನ ಪಾಡಿಗೆ ತಾನು ಹಬ್ಬಿತು.

2002ರಲ್ಲಿ ಮಾರ್ಟಿನ್ ಫೌಲರ್ ಉದ್ಯಮ ತಂತ್ರಾಂಶದ ವಿನ್ಯಾಸಗಳ ಕುರಿತ ತಮ್ಮ ಪುಸ್ತಕದಲ್ಲಿ ಸೆಷನ್ ಇಡುವ ಜಾಗಗಳನ್ನು ಮೂರಾಗಿ ವಿಂಗಡಿಸಿದರು: ಕ್ಲೈಂಟ್, ಸರ್ವರ್, ಡೇಟಾಬೇಸ್. ಆ ವಿಂಗಡಣೆ ಇನ್ನೂ ನಿಂತಿದೆ. ಬದಲಾಗಿರುವುದು ಒಂದೊಂದರ ಖರ್ಚು.

ಸರ್ವರ್‌ನ ಸ್ವಂತ ಮೆಮೊರಿಯ ಖರ್ಚು ಮೊದಲ ದಿನ ಕಾಣುವುದಿಲ್ಲ. ಒಬ್ಬರಿಗೆ 50 ಕೆಬಿ ಎಂದಿಟ್ಟುಕೊಳ್ಳಿ, ಹತ್ತು ಸಾವಿರ ಜನಕ್ಕೆ 500 ಎಂಬಿ, ಅಂಥ ದೊಡ್ಡದೇನಲ್ಲ. ತೊಂದರೆ ಶುರುವಾಗುವುದು ಎರಡನೆಯ ಸರ್ವರ್ ಬಂದಾಗ. ಮೊದಲ ಕೋರಿಕೆ ಒಂದಕ್ಕೆ, ಎರಡನೆಯದು ಇನ್ನೊಂದಕ್ಕೆ ಹೋದರೆ ಅದಕ್ಕೆ ಗ್ರಾಹಕರ ಪರಿಚಯವೇ ಇರುವುದಿಲ್ಲ. ಆಗ ಲೋಡ್ ಬ್ಯಾಲೆನ್ಸರ್‌ಗೆ ಹೇಳಿ ಒಬ್ಬ ಗ್ರಾಹಕರನ್ನು ಒಂದೇ ಸರ್ವರ್‌ಗೆ ಅಂಟಿಸುತ್ತಾರೆ. ಆ ಸರ್ವರ್ ಬಿದ್ದರೆ ಅದಕ್ಕೆ ಅಂಟಿದವರೆಲ್ಲ ಹೊರಕ್ಕೆ. ಹೊಸ ಆವೃತ್ತಿ ಹಾಕಲು ಸರ್ವರ್ ನಿಲ್ಲಿಸಿದರೂ ಅಷ್ಟೇ. ಎಷ್ಟೋ ಕಚೇರಿಗಳಲ್ಲಿ ತಂತ್ರಾಂಶ ಬದಲಿಸುವ ಕೆಲಸ ರಾತ್ರಿ ಎರಡು ಗಂಟೆಗೇ ನಡೆಯಬೇಕೆಂಬ ಪದ್ಧತಿ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ಅವಧಿಯ ಸಂಖ್ಯೆಗಳೂ ತಮಾಷೆಯಾಗಿವೆ. ಎಎಸ್‌ಪಿ ಡಾಟ್‌ನೆಟ್‌ನಲ್ಲಿ ಪೂರ್ವನಿಗದಿ 20 ನಿಮಿಷ, ಟಾಮ್‌ಕ್ಯಾಟ್‌ನಲ್ಲಿ 30, ಪಿಎಚ್‌ಪಿಯಲ್ಲಿ 1440 ಸೆಕೆಂಡು, ಅಂದರೆ 24 ನಿಮಿಷ. ಮೂರೂ ಯಾವ ಅರ್ಜಿದಾರರನ್ನೂ ನೋಡಿ ಇಟ್ಟದ್ದಲ್ಲ, ಆದರೂ ಹೆಚ್ಚಿನ ಅಪ್ಲಿಕೇಶನ್‌ಗಳು ಅವನ್ನೇ ಹೊತ್ತು ತಿರುಗುತ್ತವೆ.

ಎರಡು ಟ್ಯಾಬ್‌ಗಳ ಪ್ರಸಂಗ

ಸರ್ವರ್ ಸೆಷನ್ನಿನ ಕೆಟ್ಟ ದೋಷ ಮೆಮೊರಿಯೂ ಅಲ್ಲ, ಸರ್ವರ್ ಬೀಳುವುದೂ ಅಲ್ಲ. ಅದನ್ನು ಹತ್ತಿರದಿಂದ ನೋಡಬೇಕಾದರೆ ಟಿಕೆಟ್ ಕಾಯ್ದಿರಿಸುವ ಯಾವುದಾದರೂ ಅಪ್ಲಿಕೇಶನ್ ತೆಗೆದುಕೊಳ್ಳಿ. ಹುಬ್ಬಳ್ಳಿಗೆ ಹೋಗಬೇಕಾದವರು ಒಂದು ಟ್ಯಾಬ್‌ನಲ್ಲಿ ರಾತ್ರಿ ಗಾಡಿ ತೆರೆದರು. ಸರ್ವರ್ ಸೆಷನ್ನಿನಲ್ಲಿ ‘ಆಯ್ಕೆ: ರಾತ್ರಿ ಗಾಡಿ’ ಎಂದು ಬರೆದುಕೊಂಡಿತು. ಹೋಲಿಸಿ ನೋಡೋಣವೆಂದು ಇನ್ನೊಂದು ಟ್ಯಾಬ್‌ನಲ್ಲಿ ಬೆಳಗಿನ ಗಾಡಿ ತೆರೆದರು. ಕುಕಿ ಒಂದೇ, ಸೆಷನ್ ಒಂದೇ, ಈಗ ಅದರಲ್ಲಿ ‘ಆಯ್ಕೆ: ಬೆಳಗಿನ ಗಾಡಿ’. ಮನಸ್ಸು ಬದಲಿಸಿ ಮೊದಲ ಟ್ಯಾಬ್‌ಗೆ ಮರಳಿ ಅಲ್ಲಿ ಹಣ ಕಟ್ಟಿದರು. ಪರದೆಯ ಮೇಲೆ ರಾತ್ರಿ ಗಾಡಿ, ಕೈಗೆ ಬಂದದ್ದು ಬೆಳಗಿನ ಟಿಕೆಟ್.

ಬ್ಯಾಂಕುಗಳ ಜಾಲತಾಣಗಳು ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ, ಇನ್ನೊಂದು ವಿಂಡೋ ತೆರೆಯಬೇಡಿ ಎಂದು ಗದರುವುದರ ಹಿಂದೆ ಅನೇಕ ಸಲ ಇರುವುದು ಇದೇ. ಗ್ರಾಹಕರ ಕಣ್ಣೆದುರಿನ ಪುಟ ಹೇಳುವುದು ಒಂದು, ಸರ್ವರ್ ನೆನಪಿಟ್ಟಿರುವುದು ಇನ್ನೊಂದು. ಆಯ್ದ ಗಾಡಿಯ ಸಂಖ್ಯೆ ಪುಟದ ವಿಳಾಸದಲ್ಲೋ ಅರ್ಜಿಯ ಒಳಗೋ ಇದ್ದಿದ್ದರೆ ಪ್ರತಿ ಟ್ಯಾಬೂ ತನ್ನದನ್ನು ತಾನೇ ಕಳಿಸುತ್ತಿತ್ತು. ಸುರಕ್ಷತೆಯ ಹೆಸರಿನಲ್ಲಿ ಬರುವ ಈ ಗದರಿಕೆಯಲ್ಲಿ ಅರ್ಧದಷ್ಟು ವಿನ್ಯಾಸದ ಸೋಮಾರಿತನ ಎಂಬುದು ನನ್ನ ಎಣಿಕೆ.

ಇದರ ಸೋದರ ತೊಂದರೆ ಪಿಎಚ್‌ಪಿಯಲ್ಲಿದೆ. ಅಲ್ಲಿ ಪೂರ್ವನಿಗದಿಯಂತೆ ಸೆಷನ್ ಎಂದರೆ ಡಿಸ್ಕಿನ ಮೇಲಿನ ಒಂದು ಕಡತ, ಒಂದು ಕೋರಿಕೆ ಅದನ್ನು ತೆರೆದರೆ ಮುಗಿಯುವವರೆಗೆ ಲಾಕ್. ಒಂದು ಟ್ಯಾಬ್‌ನಲ್ಲಿ ವರ್ಷದ ವರದಿ ತಯಾರಾಗುತ್ತಿದ್ದರೆ ಅದೇ ವ್ಯಕ್ತಿಯ ಮಿಕ್ಕೆಲ್ಲ ಟ್ಯಾಬ್‌ಗಳು ಗರ ಬಡಿದಂತೆ ನಿಲ್ಲುತ್ತವೆ. ಸರ್ವರ್ ನಿಧಾನ ಎಂದು ಹೊಸ ಯಂತ್ರ ತರಿಸಿದವರಿದ್ದಾರೆ. ಬೇಕಿದ್ದದ್ದು ಒಂದು ಸಾಲು: ಸೆಷನ್ ಓದಿದ ಕೂಡಲೇ ಬರೆದು ಮುಚ್ಚುವುದು.

ಸರ್ವರ್‌ಗಳೆಲ್ಲ ಹಂಚಿಕೊಳ್ಳುವ ಬೇರೊಂದು ಉಗ್ರಾಣದಲ್ಲಿ ಸೆಷನ್ ಇಡುವುದು ಈಗ ರೂಢಿ. ಲೈವ್‌ಜರ್ನಲ್‌ಗಾಗಿ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ 2003ರಲ್ಲಿ ಬರೆದ ಮೆಮ್‌ಕ್ಯಾಶ್‌ಡ್, 2009ರಲ್ಲಿ ಬಂದ ರೆಡಿಸ್ ಇದಕ್ಕೆ ಬಳಕೆಯಾದವು. ಅಂಟಿಸುವ ಗೋಜು ತಪ್ಪುತ್ತದೆ, ಸರ್ವರ್‌ಗಳನ್ನು ಹಗಲಲ್ಲೇ ಬದಲಿಸಬಹುದು. ಒಂದು ಎಚ್ಚರಿಕೆ ಬೇಕು. ಮೆಮ್‌ಕ್ಯಾಶ್‌ಡ್ ಜಾಗ ತುಂಬಿದರೆ ಹಳೆಯದನ್ನು ಹೇಳದೆ ಕೇಳದೆ ಹೊರಗೆ ಹಾಕುತ್ತದೆ. ಅದರ ಸ್ವಭಾವವೇ ಅದು. ಲಾಗಿನ್ ಗುರುತು ಹೋದರೆ ಜನ ಗೊಣಗಿ ಮತ್ತೆ ಲಾಗಿನ್ ಆಗುತ್ತಾರೆ. ನಲವತ್ತು ಕಾಲಂಗಳ ಅರ್ಜಿ ಹೋದರೆ ಮತ್ತೆ ಬರುವುದಿಲ್ಲ. ಮೊದಲನೆಯದು ಅಲ್ಲಿರಲಿ, ಎರಡನೆಯದು ‘ಕರಡು’ ಎಂಬ ಹೆಸರಿನಲ್ಲಿ ಡೇಟಾಬೇಸಿಗೆ ಹೋಗಲಿ.

ಟೋಕನ್ ಕೈಯಲ್ಲಿದ್ದರೆ

ಎಲ್ಲವನ್ನೂ ಗ್ರಾಹಕರ ಕೈಗೇ ಕೊಡುವ ಪಂಥ ನಡುನಡುವೆ ಜೋರಾಗುತ್ತದೆ. 2002ರ ಎಎಸ್‌ಪಿ ಡಾಟ್‌ನೆಟ್ ಪುಟದ ಸ್ಥಿತಿಯನ್ನೆಲ್ಲ ಗುಪ್ತ ಕಾಲಂ ಒಂದರಲ್ಲಿ ತುರುಕಿತು, ಪುಟಗಳು ಊದಿಕೊಂಡವು. 2007ರ ಡಿಸೆಂಬರ್‌ನಲ್ಲಿ ಬಂದ ರೇಲ್ಸ್ 2 ಇಡೀ ಸೆಷನ್ನನ್ನು ಸಹಿ ಮಾಡಿದ ಕುಕಿಗೆ ಹಾಕುವುದನ್ನೇ ಪೂರ್ವನಿಗದಿ ಮಾಡಿತು, ಮಿತಿ 4 ಕೆಬಿ. 2015ರ ಮೇ ತಿಂಗಳಲ್ಲಿ ಪ್ರಮಾಣವಾದ ಜೆಡಬ್ಲ್ಯುಟಿ ಟೋಕನ್ ಅಂತೂ ಒಂದು ಪೀಳಿಗೆಯ ಅಪ್ಲಿಕೇಶನ್‌ಗಳನ್ನೇ ಆಳಿತು. ಸರ್ವರ್ ಸಹಿ ಮಾಡಿ ಕೊಡುತ್ತದೆ, ಗ್ರಾಹಕರು ತೋರಿಸುತ್ತಾರೆ, ಸಹಿ ಸರಿಯಿದ್ದರೆ ಒಳಗೆ. ಎಲ್ಲೂ ಹುಡುಕಬೇಕಿಲ್ಲ.

ಇದರ ಗುಟ್ಟು ಬೆಂಗಳೂರಿನ ದರ್ಶಿನಿಗಳಲ್ಲಿ ನಿಂತು ತಿಂದವರಿಗೆ ಗೊತ್ತು. ಕ್ಯಾಶ್ ಕೌಂಟರ್‌ನವರು ಚೀಟಿ ಕೊಡುತ್ತಾರೆ, ದೋಸೆ ಹಾಕುವವರಿಗೆ ನಿಮ್ಮ ಮುಖ ನೆನಪಿರಬೇಕಿಲ್ಲ, ಚೀಟಿಯೇ ಎಲ್ಲವನ್ನೂ ಹೇಳುತ್ತದೆ. ಆದರೆ ಅವರು ಚೀಟಿ ನೋಡಿ ವಾಪಸು ಕೊಡುವುದಿಲ್ಲ. ಹರಿಯುತ್ತಾರೆ, ಇಲ್ಲವೇ ಮುಳ್ಳಿಗೆ ಚುಚ್ಚಿಡುತ್ತಾರೆ. ಹಾಗೆ ಮಾಡದಿದ್ದರೆ ಒಂದು ಚೀಟಿಗೆ ಹತ್ತು ದೋಸೆ. ಸಹಿ ಮಾಡಿದ ಟೋಕನ್‌ಗೆ ಈ ಮುಳ್ಳು ಇಲ್ಲ. ಕಂಪನಿ ಬಿಟ್ಟ ನೌಕರನ ಟೋಕನ್ ಅವಧಿ ಮುಗಿಯುವವರೆಗೂ ಬಾಗಿಲು ತೆರೆಯುತ್ತದೆ. ಫೋನ್ ಕಳೆದುಕೊಂಡವರು ‘ಎಲ್ಲ ಸಾಧನಗಳಿಂದ ಲಾಗೌಟ್’ ಒತ್ತಿದರೂ ಕಳ್ಳನ ಕೈಯಲ್ಲಿರುವ ಟೋಕನ್‌ಗೆ ಸುದ್ದಿ ಮುಟ್ಟುವುದಿಲ್ಲ. ರದ್ದಾದ ಟೋಕನ್‌ಗಳ ಪಟ್ಟಿ ಇಡೋಣ ಎಂದರೆ ಸರ್ವರ್ ನೆನಪಿಡಲು ಶುರುಮಾಡಿತು ಎಂದೇ ಲೆಕ್ಕ, ಪ್ರತಿ ಸಲ ಆ ಪಟ್ಟಿ ನೋಡಬೇಕು. ಐದೋ ಹದಿನೈದೋ ನಿಮಿಷದ ಟೋಕನ್ ಒಂದು, ಅದನ್ನು ನವೀಕರಿಸುವ ದೀರ್ಘಾವಧಿಯ ಟೋಕನ್ ಇನ್ನೊಂದು ಎಂಬುದು ಈಗಿನ ರಾಜಿ. ಎರಡನೆಯದನ್ನು ಮಾತ್ರ ಸರ್ವರ್ ತನ್ನ ಪಟ್ಟಿಯಲ್ಲಿ ನೋಡುತ್ತದೆ. ಹತ್ತಾರು ಸೇವೆಗಳು ಒಂದರ ಜೊತೆ ಒಂದು ಮಾತಾಡುವ ಕಡೆ ಇದು ತಕ್ಕ ವಿಧಾನ. ಒಂದೇ ಡೇಟಾಬೇಸ್ ಇರುವ ಸಾಧಾರಣ ವೆಬ್ ಅಪ್ಲಿಕೇಶನ್‌ಗೆ ಜೆಡಬ್ಲ್ಯುಟಿ ಹೊರಿಸುವುದು ನನ್ನ ಮಟ್ಟಿಗೆ ಫ್ಯಾಷನ್ ಮಾತ್ರ. ಅರ್ಥವಿಲ್ಲದ ಉದ್ದ ಸಂಖ್ಯೆಯ ಹಳೆಯ ಕುಕಿಯೇ ಅಲ್ಲಿ ಉತ್ತಮ.

ಯಾವ ಟೋಕನ್ ಆದರೂ ಕಸಿದುಕೊಂಡವರದ್ದೇ. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಬಿಡುಗಡೆ ಮಾಡಿದ ಫೈರ್‌ಶೀಪ್ ಎಂಬ ಬ್ರೌಸರ್ ವಿಸ್ತರಣೆ, ಮುಕ್ತ ವೈಫೈಯಲ್ಲಿ ಪಕ್ಕದವರ ಕುಕಿ ಹಿಡಿದು ಅವರ ಖಾತೆಗೆ ನುಗ್ಗುವುದು ಎಷ್ಟು ಸುಲಭ ಎಂದು ತೋರಿಸಿಕೊಟ್ಟಿತು. ಲಾಗಿನ್ ಪುಟಕ್ಕೆ ಮಾತ್ರ ಗೂಢಲಿಪಿ ಹಾಕಿ ಮಿಕ್ಕದ್ದನ್ನು ಬಯಲಲ್ಲಿ ಬಿಡುತ್ತಿದ್ದ ದೊಡ್ಡ ತಾಣಗಳು ಆಮೇಲೆ ಎಚ್ಚೆತ್ತವು.

ಕಡತ ವ್ಯವಸ್ಥೆ ಸುತ್ತಿ ಬಂದ ದಾರಿ

ಸ್ಟೇಟ್‌ಲೆಸ್ ಎಂಬ ಆದರ್ಶವನ್ನು ಎಲ್ಲರಿಗಿಂತ ಪ್ರಾಮಾಣಿಕವಾಗಿ ಪಾಲಿಸಲು ಹೊರಟು, ಕೊನೆಗೆ ಮನಸ್ಸು ಬದಲಿಸಿದ ಒಂದು ವ್ಯವಸ್ಥೆಯ ಕಥೆ ವೆಬ್ ಜನರಿಗೆ ಅಷ್ಟು ಪರಿಚಯವಿಲ್ಲ. ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದ ಮಧ್ಯದಲ್ಲಿ ಎನ್‌ಎಫ್‌ಎಸ್ ತಂದಿತು: ದೂರದ ಯಂತ್ರದ ಕಡತಗಳನ್ನು ನಮ್ಮದೇ ಡಿಸ್ಕಿನಂತೆ ಬಳಸುವ ವ್ಯವಸ್ಥೆ. ಅದರ ಸರ್ವರ್ ಯಾವ ಕಡತ ಯಾರಲ್ಲಿ ತೆರೆದಿದೆ ಎಂದು ನೆನಪಿಡುತ್ತಿರಲಿಲ್ಲ. ಪ್ರತಿ ಕೋರಿಕೆಯಲ್ಲೂ ಕಡತದ ಗುರುತು, ಎಲ್ಲಿಂದ ಓದಬೇಕು, ಎಷ್ಟು ಬೈಟ್ ಎಂಬುದೆಲ್ಲ ಇರುತ್ತಿತ್ತು. ಲಾಭ ದೊಡ್ಡದು. ಸರ್ವರ್ ಕುಸಿದರೆ ಕ್ಲೈಂಟ್ ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸುತ್ತ ಕಾಯುತ್ತದೆ. ಸರ್ವರ್ ಎದ್ದ ಮೇಲೆ ಏನೂ ಆಗಿಲ್ಲವೆಂಬಂತೆ ಕೆಲಸ ಮುಂದುವರಿಯುತ್ತದೆ.

ಓದುವುದನ್ನು ಹತ್ತು ಸಲ ಮಾಡಿದರೂ ನಷ್ಟವಿಲ್ಲ. ಅಳಿಸುವುದು ಹಾಗಲ್ಲ. ಕ್ಲೈಂಟ್ ಒಂದು ಕಡತ ಅಳಿಸು ಎಂದಿತು, ಸರ್ವರ್ ಅಳಿಸಿತು, ಉತ್ತರ ದಾರಿಯಲ್ಲಿ ಕಳೆದುಹೋಯಿತು. ಕ್ಲೈಂಟ್ ಮತ್ತೆ ಕೇಳಿತು. ಅಂಥ ಕಡತವೇ ಇಲ್ಲ ಎಂದು ಉತ್ತರ ಬಂತು. ಕೆಲಸ ಯಶಸ್ವಿಯಾಗಿದೆ, ಬಂದದ್ದು ದೋಷಸೂಚನೆ. ಇದಕ್ಕೆ ಮದ್ದಾಗಿ ಇತ್ತೀಚಿನ ಕೋರಿಕೆಗಳನ್ನೂ ಅವುಗಳ ಉತ್ತರಗಳನ್ನೂ ಕೆಲಕಾಲ ನೆನಪಿಡುವ ಸಂಗ್ರಹವನ್ನು ಸರ್ವರ್‌ಗಳಿಗೆ ಸೇರಿಸಿದರು. ಕಡತದ ಲಾಕ್ ಬೇಕಾದವರಿಗೆ ಪಕ್ಕದಲ್ಲೇ ಬೇರೊಂದು ಪ್ರೋಟೊಕಾಲ್ ಇಟ್ಟರು, ಅದು ಲಾಕ್‌ಗಳನ್ನು ನೆನಪಿಡಲೇಬೇಕಿತ್ತು. ಮುಂಬಾಗಿಲಲ್ಲಿ ಸ್ಟೇಟ್‌ಲೆಸ್ ಎಂಬ ಫಲಕ, ಹಿತ್ತಲಲ್ಲಿ ನೆನಪಿನ ದಾಸ್ತಾನು.

2000ದಲ್ಲಿ ಬಂದ ನಾಲ್ಕನೆಯ ಆವೃತ್ತಿ ನಾಟಕ ಬಿಟ್ಟಿತು. ತೆರೆದ ಕಡತ, ಲಾಕ್ ಎಲ್ಲವನ್ನೂ ಸರ್ವರ್ ನೆನಪಿಡುತ್ತದೆ ಎಂದು ಒಪ್ಪಿಕೊಂಡಿತು. ಆದರೆ ಶಾಶ್ವತವಾಗಿ ಅಲ್ಲ, ಗುತ್ತಿಗೆಯ ಮೇಲೆ. ಕ್ಯಾರಿ ಗ್ರೇ ಮತ್ತು ಡೇವಿಡ್ ಚೆರಿಟನ್ 1989ರಲ್ಲಿ ಮಂಡಿಸಿದ ಲೀಸ್ ಕಲ್ಪನೆ ಇಲ್ಲಿ ನೆರವಿಗೆ ಬಂತು. ಲಿನಕ್ಸ್ ಸರ್ವರ್‌ನಲ್ಲಿ ಈ ಗುತ್ತಿಗೆಯ ಪೂರ್ವನಿಗದಿ 90 ಸೆಕೆಂಡು. ಕ್ಲೈಂಟ್ ಅಷ್ಟರೊಳಗೆ ನವೀಕರಿಸದಿದ್ದರೆ ಅದರ ಲಾಕ್ ಇನ್ನೊಬ್ಬರಿಗೆ ಸಿಗಬಹುದು. ಸರ್ವರ್ ಕುಸಿದು ಎದ್ದರೆ ಮೊದಲ ಸ್ವಲ್ಪ ಹೊತ್ತು ಹೊಸ ಲಾಕ್ ಕೊಡುವುದಿಲ್ಲ, ಹಳಬರು ಬಂದು ತಮ್ಮದನ್ನು ಕೇಳಿ ಪಡೆಯಲಿ ಎಂದು ಕಾಯುತ್ತದೆ. 2010ರ 4.1ನೇ ಆವೃತ್ತಿಯಲ್ಲಿ ಸೆಷನ್ ಎಂಬುದೇ ಪ್ರೋಟೊಕಾಲ್‌ನ ಒಳಗೆ ಬಂತು. ಅದು ಲಾಗಿನ್‌ಗಾಗಿ ಬಂದದ್ದಲ್ಲ. ಒಂದು ಕೋರಿಕೆ ಎರಡು ಸಲ ಬಂದರೂ ಒಂದೇ ಸಲ ನಡೆಯಬೇಕು ಎಂಬ ಭರವಸೆಗಾಗಿ, ಕ್ರಮಸಂಖ್ಯೆ ಹಾಕಿದ ಖಾನೆಗಳ ಲೆಕ್ಕವನ್ನು ಎರಡೂ ಕಡೆಯವರು ಇಡುವ ಏರ್ಪಾಡು ಅದು. ಸೆಷನ್ನಿನ ನಾಲ್ಕು ಅಂಶಗಳಲ್ಲಿ ಮೂರನೆಯದೂ ನಾಲ್ಕನೆಯದೂ ಇಷ್ಟು ಸ್ಪಷ್ಟವಾಗಿ ಬೇರ್ಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಪ್ರತಿಗಳು ಹಲವು ಇದ್ದಾಗ

ಡೇಟಾಬೇಸಿಗೇ ನಾಲ್ಕಾರು ಪ್ರತಿಗಳಿದ್ದರೆ ಸೆಷನ್ನಿಗೆ ಇನ್ನೊಂದು ಕೆಲಸ ಬೀಳುತ್ತದೆ. ವಿಳಾಸ ಬದಲಿಸಿ ಉಳಿಸಿದಿರಿ, ಮುಂದಿನ ಪುಟದಲ್ಲಿ ಹಳೆಯ ವಿಳಾಸವೇ ಕಂಡಿತು. ಬರೆದದ್ದು ಒಂದು ಪ್ರತಿಗೆ, ಓದಿದ್ದು ಇನ್ನೂ ಸುದ್ದಿ ಮುಟ್ಟದ ಇನ್ನೊಂದರಿಂದ. ಜೆರಾಕ್ಸ್ ಪಾರ್ಕ್‌ನ ಬೇಯೂ ಯೋಜನೆಯವರು 1994ರಲ್ಲೇ ಇದಕ್ಕೆ ನಾಲ್ಕು ಭರವಸೆಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ದಿನಬಳಕೆಗೆ ಮುಖ್ಯವಾದವು ಎರಡು: ತಾನು ಬರೆದದ್ದು ತನಗೆ ಕಾಣಬೇಕು, ಒಮ್ಮೆ ಹೊಸದು ಕಂಡ ಮೇಲೆ ಮತ್ತೆ ಹಳೆಯದು ಕಾಣಬಾರದು. ಜಗತ್ತಿಗೆಲ್ಲ ಒಂದೇ ಸತ್ಯ ಒಂದೇ ಕ್ಷಣದಲ್ಲಿ ಬೇಕಿಲ್ಲ, ಒಬ್ಬ ಗ್ರಾಹಕರ ಕಣ್ಣಿಗೆ ಗೊಂದಲವಾಗದಿದ್ದರೆ ಸಾಕು. ಕ್ಲೈಂಟ್ ಕೊನೆಯದಾಗಿ ಕಂಡ ಆವೃತ್ತಿಯ ಸಂಖ್ಯೆಯನ್ನು ಜೊತೆಗಿಟ್ಟುಕೊಂಡು ತೋರಿಸಿದರೆ ಇಷ್ಟನ್ನು ಕೊಡಬಹುದು.

ಅಮೆಜಾನ್ 2007ರಲ್ಲಿ ಪ್ರಕಟಿಸಿದ ಡೈನಮೊ ಪ್ರಬಂಧ ಇದರ ಇನ್ನೊಂದು ತುದಿ. ಖರೀದಿ ಬುಟ್ಟಿಗೆ ಸಾಮಾನು ಸೇರಿಸುವುದು ಯಾವ ಕಾರಣಕ್ಕೂ ತಪ್ಪಬಾರದು ಎಂದು ಅವರು ನಿರ್ಧರಿಸಿದ್ದರು. ಎರಡು ಕಡೆ ಬೇರೆಬೇರೆ ಬುಟ್ಟಿಗಳಾದರೆ ಎರಡನ್ನೂ ಕೂಡಿಸುವುದು. ಪರಿಣಾಮವಾಗಿ ತೆಗೆದುಹಾಕಿದ ಸಾಮಾನು ಒಮ್ಮೊಮ್ಮೆ ಮತ್ತೆ ಬುಟ್ಟಿಯಲ್ಲಿ ತಲೆಯೆತ್ತಬಹುದೆಂದು ಅವರೇ ಬರೆದಿದ್ದಾರೆ. ಅಂಗಡಿಯವರ ದೃಷ್ಟಿಯಿಂದ ಸರಿಯಾದ ಲೆಕ್ಕ: ಬೇಡವಾದದ್ದನ್ನು ಗ್ರಾಹಕರು ಇನ್ನೊಮ್ಮೆ ತೆಗೆದಾರು, ಬೇಕಾದದ್ದು ಮಾಯವಾದರೆ ಮಾರಾಟವೇ ಹೋಯಿತು. ಇದೇ ನಿಯಮವನ್ನು ಔಷಧಿ ಚೀಟಿಗೆ ಅನ್ವಯಿಸಿದರೆ ಅನಾಹುತ.

ಸರ್ವರ್ ನೆನಪಿಡಲೇಬೇಕಾದ ಕಡೆಗಳೂ ಇವೆ. ಹಲವರು ಒಟ್ಟಿಗೆ ಆಡುವ ಆಟ, ಒಂದೇ ದಸ್ತಾವೇಜನ್ನು ಐವರು ತಿದ್ದುವುದು, ಚಾಟ್. ವಾಟ್ಸ್‌ಆಪ್ 2012ರ ಹೊತ್ತಿಗೆ ಎರ್ಲಾಂಗ್ ಭಾಷೆಯಲ್ಲಿ ಬರೆದ ತಂತ್ರಾಂಶದಿಂದ ಒಂದೇ ಸರ್ವರ್‌ನಲ್ಲಿ 20 ಲಕ್ಷ ಸಂಪರ್ಕಗಳನ್ನು ಹಿಡಿದಿಟ್ಟಿತ್ತು. ಸ್ಟೇಟ್‌ಫುಲ್ ಎಂದರೆ ಬೆಳೆಯುವುದಿಲ್ಲ ಎನ್ನುವವರಿಗೆ ಇದನ್ನು ತೋರಿಸಬಹುದು.

2016ರಲ್ಲಿ ಬಂದ ನಮ್ಮ ಯುಪಿಐ ಇನ್ನೊಂದು ದಾರಿ ಹಿಡಿಯಿತು. ಆಪ್‌ಗೆ ನೀವು ಲಾಗಿನ್ ಆಗಿದ್ದೀರಿ ಎಂಬುದನ್ನು ಹಣದ ವಿಷಯದಲ್ಲಿ ಅದು ನಂಬುವುದಿಲ್ಲ. ಫೋನು, ಸಿಮ್ ಎರಡನ್ನೂ ಖಾತೆಗೆ ಒಮ್ಮೆ ಜೋಡಿಸುತ್ತದೆ. ಆಮೇಲೆ, ಯುಪಿಐ ಲೈಟ್‌ನಂಥ ಕೆಲವು ಏರ್ಪಾಡುಗಳನ್ನು ಬಿಟ್ಟರೆ, ಪ್ರತಿ ಪಾವತಿಗೂ ಹೊಸದಾಗಿ ಒಪ್ಪಿಗೆ ಕೇಳುತ್ತದೆ. ಉತ್ತರ ಬಾರದಿದ್ದರೆ ವ್ಯವಹಾರದ ಸಂಖ್ಯೆ ಹಿಡಿದು ಏನಾಯಿತೆಂದು ವಿಚಾರಿಸಬಹುದು. ಕೋಟ್ಯಂತರ ಜನರ ಕೈಗೆ ಹೋದ ವ್ಯವಸ್ಥೆಯಲ್ಲಿ ಸೆಷನ್ ಅವಧಿ ಎಷ್ಟು ಎಂಬ ತಲೆನೋವನ್ನೇ ಇದು ಬಹುಮಟ್ಟಿಗೆ ತಪ್ಪಿಸಿತು.

ಒಂದು ಬಸ್ಸಿನ ಸೀಟು

ಬಸ್ ಸೀಟು ಕಾಯ್ದಿರಿಸುವ ಒಂದು ಅಪ್ಲಿಕೇಶನ್ ಇವತ್ತು ಕಟ್ಟಬೇಕೆಂದರೆ ನಾನು ಹೀಗೆ ಹಂಚುತ್ತೇನೆ. ಎಲ್ಲಿಂದ, ಎಲ್ಲಿಗೆ, ಯಾವ ದಿನ, ಯಾವ ಬಸ್ಸು ಎಂಬುದೆಲ್ಲ ಪುಟದ ವಿಳಾಸದಲ್ಲಿ. ಅಕ್ಕನಿಗೆ ವಾಟ್ಸ್‌ಆಪ್‌ನಲ್ಲಿ ಕಳಿಸಿದರೆ ಅವಳಿಗೂ ಅದೇ ಪುಟ ತೆರೆಯಬೇಕು. ಲಾಗಿನ್ ಗುರುತು ಉದ್ದ ಸಂಖ್ಯೆಯ ಕುಕಿಯಲ್ಲಿ, ಅದರ ವಿವರ ಹಂಚಿದ ಉಗ್ರಾಣದಲ್ಲಿ, ರದ್ದು ಮಾಡಲು ಆಗುವಂತೆ. ಪ್ರಯಾಣಿಕರ ಹೆಸರು, ವಯಸ್ಸು ಫೋನಿನಲ್ಲೇ ಉಳಿಯಲಿ, ಲಾಗಿನ್ ಮುಗಿದರೂ ಅಳಿಯದಿರಲಿ. ಹಿಡಿದಿಟ್ಟ ಸೀಟು ಡೇಟಾಬೇಸಿನ ಒಂದು ಸಾಲು: ಯಾವ ಬಸ್ಸು, ಯಾವ ಸೀಟು, ಯಾರಿಗೆ, ಯಾವ ಗಳಿಗೆಯವರೆಗೆ. ಖಾಲಿಯಿದ್ದರೆ ಅಥವಾ ಅವಧಿ ಮುಗಿದಿದ್ದರೆ ಮಾತ್ರ ಹೆಸರು ಬದಲಿಸು ಎಂಬ ಒಂದೇ ಆಜ್ಞೆ ಸಾಕು. ಅವಧಿ ಮೀರಿದವನ್ನು ಗುಡಿಸುವ ಪ್ರೋಗ್ರಾಂ ಕೆಟ್ಟು ನಿಂತರೂ ಸೀಟು ಸಿಕ್ಕಿಹಾಕಿಕೊಳ್ಳುವುದಿಲ್ಲ. ಪಾವತಿಗೆ ಮೊದಲೇ ಒಂದು ಆರ್ಡರ್ ಸಂಖ್ಯೆ, ಎರಡು ಸಲ ಒತ್ತಿದರೂ ಒಂದೇ ಸಲ ಹಣ ಹೋಗುವಂತೆ.

ಇಷ್ಟಾದರೂ ಒಂದು ಗಂಟು ಉಳಿಯುತ್ತದೆ. ಸೀಟನ್ನು ಹತ್ತು ನಿಮಿಷ ಹಿಡಿದಿದ್ದೆವು. ಬ್ಯಾಂಕಿನಿಂದ ಹಣ ಬಂತೆಂಬ ಸುದ್ದಿ ಹನ್ನೊಂದನೆಯ ನಿಮಿಷಕ್ಕೆ ಬಂತು, ಅಷ್ಟರಲ್ಲಿ ಸೀಟು ಬೇರೆಯವರಿಗೆ ಹೋಗಿದೆ. ಅದೇ ಬಸ್ಸಿನ ಇನ್ನೊಂದು ಸೀಟು ಕೊಡುವುದೇ? ಮಹಿಳೆಯರಿಗೆ ಮೀಸಲಾದ ಸೀಟಾಗಿದ್ದರೆ? ಹಣ ವಾಪಸು ಮಾಡುವುದೇ, ಹಾಗಾದರೆ ಪಾವತಿ ಸೇವೆಯ ಶುಲ್ಕ ಯಾರ ತಲೆಗೆ? ಅಥವಾ ಹಿಡಿಯುವ ಅವಧಿಯನ್ನೇ ಇಪ್ಪತ್ತು ನಿಮಿಷ ಮಾಡಿ, ಹಬ್ಬದ ಹಿಂದಿನ ದಿನ ಅರ್ಧ ಬಸ್ಸು ಸುಮ್ಮನೆ ಕೆಂಪಾಗಿ ಕಾಣಲಿ ಎಂದು ಬಿಡುವುದೇ? ಇದಕ್ಕೆ ಉತ್ತರ ಯಾವ ಫ್ರೇಮ್‌ವರ್ಕ್‌ನ ಕೈಪಿಡಿಯಲ್ಲೂ ಇಲ್ಲ. ಮರುಪಾವತಿಯ ನಿಯಮ ಬರೆಯುವ ಲೆಕ್ಕಪತ್ರ ವಿಭಾಗದವರಲ್ಲಿದೆ, ಮತ್ತು ಹೆಚ್ಚಿನ ಯೋಜನೆಗಳಲ್ಲಿ ಪ್ರೋಗ್ರಾಮರುಗಳು ಅವರನ್ನು ಮೊದಲ ಸಲ ಭೇಟಿಯಾಗುವುದು ಇಂಥ ದೂರು ಬಂದ ಮೇಲೆಯೇ.